ಪರದೇಶವಾಸ ಮತ್ತು ಆರೋಗ್ಯವಿಮೆಯ ಆಯ್ಕೆ: ಜರ್ಮನಿಯ ನಿದರ್ಶನ

ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ಪರದೇಶಕ್ಕೆ ಹೋಗಿ ಅಲ್ಲಿ ಹಲವು ವರ್ಷ ನೆಲೆಸತಕ್ಕವನು, ತಲುಪಿದ ಮೊದಲ ಕೆಲವು ವಾರಗಳಲ್ಲಿಯೇ ಅನೇಕ ಕಾಗದಗಳಿಗೆ ರುಜು ಹಾಕಬೇಕಾಗುತ್ತದೆ. ಬಾಡಿಗೆಯ ಕರಾರು, ಬ್ಯಾಂಕಿನ ಅರ್ಜಿ, ಪೌರಕಚೇರಿಯ ನೋಂದಣಿ, ಇವುಗಳಲ್ಲಿ ತಪ್ಪಾದರೆ ಮುಂದೆ ತಿದ್ದಿಕೊಳ್ಳುವುದಕ್ಕೆ ಎಡೆಯುಂಟು. ಆರೋಗ್ಯವಿಮೆಯ ಕಾಗದ ಹಾಗಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಎರಡು ಕಂತುಗಳ ನಡುವಣ ಅಂತರವನ್ನಷ್ಟೇ ನೋಡಿ ಹಾಕಿದ ರುಜು ಅರುವತ್ತೈದನೆಯ ವಯಸ್ಸಿನಲ್ಲಿ ಎದುರಿಗೆ ಬಂದು ನಿಲ್ಲಬಹುದು. ಇದು ಹೇಗೆ, ಏತಕ್ಕೆ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಜರ್ಮನಿಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಂಡಿರುವುದಕ್ಕೆ ಎರಡು ಕಾರಣಗಳುಂಟು. 2022–23ರ ಚಳಿಗಾಲದ ವ್ಯಾಸಂಗಾವಧಿಯಿಂದೀಚೆಗೆ ಆ ದೇಶದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಓದುವ ವಿದೇಶೀಯರಲ್ಲಿ ಭಾರತೀಯರೇ ಸಂಖ್ಯೆಯಲ್ಲಿ ಮೊದಲಿಗರು. 2023–24ರಲ್ಲಿ ಅವರ ಸಂಖ್ಯೆ 49,000ವನ್ನು ದಾಟಿತ್ತು. ಇವರಲ್ಲಿ ನಮ್ಮ ಕಾಲೇಜುಗಳಿಂದ ಹೋದವರೂ ಇದ್ದಾರೆ. ಹೊರಡುವ ಮುನ್ನ ಅವರು ಅಧ್ಯಾಪಕರನ್ನು ಕೇಳುವ ಪ್ರಶ್ನೆಗಳಲ್ಲಿ ವಿಮೆಯದೂ ಒಂದು. ನಾವು ಕೊಡುವ ಉತ್ತರ ಬಹಳಮಟ್ಟಿಗೆ ಊಹೆಯದು. ಎರಡನೆಯದಾಗಿ, ವಿಮೆಯ ಎರಡು ಮೂಲತತ್ತ್ವಗಳು ಒಂದೇ ದೇಶದಲ್ಲಿ ಅಕ್ಕಪಕ್ಕದಲ್ಲಿ ನಿಂತು ಕೆಲಸಮಾಡುತ್ತಿರುವುದನ್ನು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ. ಮುಂದೆ ಕೊಟ್ಟಿರುವ ದರಗಳೂ ಮಿತಿಗಳೂ 2025ನೆಯ ಇಸವಿಯವು. ಅವು ಪ್ರತಿವರ್ಷವೂ ಬದಲಾಗತಕ್ಕವು. ತತ್ತ್ವಗಳು ಅಷ್ಟು ಬೇಗ ಬದಲಾಗುವುದಿಲ್ಲ.

ಜರ್ಮನಿಯ ಶಾಸನಬದ್ಧ ರೋಗವಿಮೆ ಹುಟ್ಟಿದ್ದು 1883ರಲ್ಲಿ, ಬಿಸ್ಮಾರ್ಕನ ಆಡಳಿತಕಾಲದಲ್ಲಿ. ಕಾರ್ಮಿಕರ ಮೇಲಣ ಮರುಕಕ್ಕಿಂತ ಸಮಾಜವಾದಿಗಳ ಮೇಲಣ ಭಯವೇ ಆತನನ್ನು ಹೆಚ್ಚಾಗಿ ಪ್ರೇರಿಸಿತೆಂದು ಇತಿಹಾಸಕಾರರು ಹೇಳುತ್ತಾರೆ. ಉದ್ದೇಶ ಏನೇ ಇರಲಿ, ಕಟ್ಟಿದ ಕಟ್ಟಡ ಮಾತ್ರ ನಿಂತಿತು. ಆ ಕಾನೂನಿನಂತೆ ವಂತಿಗೆಯ ಮೂರರಲ್ಲಿ ಎರಡು ಪಾಲನ್ನು ಕಾರ್ಮಿಕನೂ ಒಂದು ಪಾಲನ್ನು ಮಾಲೀಕನೂ ಕೊಡಬೇಕಾಗಿತ್ತು. ಕಾಯಿಲೆ ಬಿದ್ದವನಿಗೆ ವೈದ್ಯ, ಔಷಧ, ಹದಿಮೂರು ವಾರಗಳವರೆಗೆ ಅರ್ಧ ಕೂಲಿ ದೊರೆಯುತ್ತಿದ್ದವು. ಈ ಕೆಲಸವನ್ನು ಸರ್ಕಾರ ತಾನೇ ವಹಿಸಿಕೊಳ್ಳದೆ, ಸದಸ್ಯರೇ ನಡೆಸುವ ನಿಧಿಗಳಿಗೆ ಬಿಟ್ಟಿತು. ಅವುಗಳ ಹೆಸರು ‘ಕ್ರಾಂಕೆನ್‌ಕಾಸ್ಸೆ’. ಕಾಯಿಲೆಯವರ ಹಣದ ಪೆಟ್ಟಿಗೆ ಎಂದು ಅದರ ಅರ್ಥ. ಹಳ್ಳಿಯ ಹುಂಡಿಯನ್ನು ನೆನಪಿಗೆ ತರುವ ಹೆಸರು. 1970ರಲ್ಲಿ ಇಂಥ ನಿಧಿಗಳು ಸಾವಿರದ ಎಂಟುನೂರಕ್ಕೂ ಮಿಕ್ಕಿದ್ದವು. ಒಂದರಲ್ಲೊಂದು ಸೇರಿಹೋಗಿ 2025ರ ಹೊತ್ತಿಗೆ ನೂರಕ್ಕಿಂತ ಕಡಮೆ ಉಳಿದಿದ್ದವು. ದೇಶದ ಜನರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಇವುಗಳಲ್ಲೊಂದರ ಆಶ್ರಯದಲ್ಲಿದ್ದಾರೆ. ಉಳಿದವರಲ್ಲಿ ಬಹುಪಾಲು ಖಾಸಗಿ ವಿಮೆಯವರು.

ಶಾಸನಬದ್ಧ ವಿಮೆಯ ತತ್ತ್ವ ಇಷ್ಟೇ: ಕೊಡುವುದು ಸಂಪಾದನೆಗೆ ಅನುಸಾರವಾಗಿ, ಪಡೆಯುವುದು ಅಗತ್ಯಕ್ಕೆ ಅನುಸಾರವಾಗಿ. ಸದಸ್ಯನ ವಯಸ್ಸೆಷ್ಟು, ಅವನಿಗೆ ಸಕ್ಕರೆಕಾಯಿಲೆ ಉಂಟೆ, ಅವನ ತಂದೆ ಹೃದ್ರೋಗದಿಂದ ತೀರಿಕೊಂಡರೆ ಎಂಬುದನ್ನು ನಿಧಿ ಕೇಳುವುದಿಲ್ಲ. ಸಂಬಳವನ್ನು ಮಾತ್ರ ಕೇಳುತ್ತದೆ. ಸಾಮಾನ್ಯ ದರ ಸಂಬಳದ ನೂರಕ್ಕೆ 14.6, ಇದರ ಮೇಲೆ ಒಂದೊಂದು ನಿಧಿಯೂ ತನ್ನದೇ ಆದ ಹೆಚ್ಚುವರಿ ದರವನ್ನು ಹಾಕುತ್ತದೆ, ಅದರ ಸರಾಸರಿಯನ್ನು 2025ಕ್ಕೆ ನೂರಕ್ಕೆ 2.5 ಎಂದು ಸರ್ಕಾರ ಗೊತ್ತುಪಡಿಸಿತ್ತು. ಎರಡೂ ಸೇರಿ 17.1. ಇದರಲ್ಲಿ ಅರ್ಧ ನೌಕರನದು, ಅರ್ಧ ಮಾಲೀಕನದು. ತಿಂಗಳಿಗೆ 3,000 ಯೂರೋ ಸಂಬಳವಿದ್ದವನ ಪಾಲು ಹೀಗೆ 256 ಯೂರೋ 50 ಸೆಂಟ್ ಆಗುತ್ತದೆ. ಸಂಬಳ ಎಷ್ಟೇ ಏರಿದರೂ 5,512 ಯೂರೋ 50 ಸೆಂಟ್‌ಗಿಂತ ಮೇಲಿನ ಭಾಗಕ್ಕೆ ವಂತಿಗೆಯಿಲ್ಲ. ಆದುದರಿಂದ ನೌಕರನ ಪಾಲು ಸುಮಾರು 471 ಯೂರೋಗಳಿಗೆ ನಿಂತುಬಿಡುತ್ತದೆ. 1995ರಿಂದ ಜಾರಿಗೆ ಬಂದ ಶುಶ್ರೂಷಾವಿಮೆ, ಅಂದರೆ ಹಾಸಿಗೆ ಹಿಡಿದವರ ಆರೈಕೆಯ ವಿಮೆ, ಇದರ ಜೊತೆಗೆ ಬೇರೆಯಾಗಿ ಸೇರುತ್ತದೆ. ವಿಶೇಷವೆಂದರೆ ಮಕ್ಕಳಿಲ್ಲದವರು ಅದಕ್ಕೆ ತುಸು ಹೆಚ್ಚಿನ ದರವನ್ನು ತೆರಬೇಕು.

ಈ ವಂತಿಗೆಗೆ ಪ್ರತಿಯಾಗಿ ದೊರೆಯುವುದು ಚಿಕಿತ್ಸೆ ಮಾತ್ರವಲ್ಲ. ನೌಕರನು ಕಾಯಿಲೆ ಬಿದ್ದರೆ ಮೊದಲ ಆರು ವಾರ ಮಾಲೀಕನೇ ಪೂರ್ಣ ಸಂಬಳವನ್ನು ಕೊಡಬೇಕೆಂದು ಕಾನೂನಿದೆ. ಅನಂತರ ನಿಧಿಯು ಸಂಬಳದ ನೂರಕ್ಕೆ 70ರಂತೆ, ಒಂದೇ ಕಾಯಿಲೆಗೆ ಮೂರು ವರ್ಷಗಳ ಅವಧಿಯಲ್ಲಿ ಒಟ್ಟು 78 ವಾರಗಳವರೆಗೆ, ಜೀವನಾಧಾರವನ್ನು ಒದಗಿಸುತ್ತದೆ. ಪರದೇಶದಲ್ಲಿ ಅಣ್ಣತಮ್ಮಂದಿರ ಮನೆಯಾಗಲಿ ಊರಿನ ಜಮೀನಾಗಲಿ ಬೆನ್ನಿಗಿಲ್ಲದವನಿಗೆ ಇದು ಸಣ್ಣ ಸಂಗತಿಯಲ್ಲ. ನಿಧಿಗಳು ಕೊಡುವ ಸೌಲಭ್ಯಗಳಲ್ಲಿ ಬಹುಪಾಲು ಕಾನೂನಿನಲ್ಲಿಯೇ ಗೊತ್ತಾಗಿರುವುದರಿಂದ ಯಾವ ನಿಧಿಯನ್ನು ಸೇರಬೇಕೆಂಬ ಪ್ರಶ್ನೆಗೆ ಹೆಚ್ಚಿನ ತೂಕವಿಲ್ಲ. ಹೆಚ್ಚುವರಿ ದರ ಎಷ್ಟು, ಇಂಗ್ಲಿಷಿನಲ್ಲಿ ಮಾತನಾಡುವವರು ಕಚೇರಿಯಲ್ಲಿದ್ದಾರೆಯೆ, ಇಷ್ಟನ್ನು ನೋಡಿದರೆ ಸಾಕು. ಒಂದು ವರ್ಷದ ಮೇಲೆ ಬೇರೆ ನಿಧಿಗೆ ಹೋಗುವ ಸ್ವಾತಂತ್ರ್ಯವೂ ಉಂಟು. ಹೊಸದಾಗಿ ಹೋದವರು ಈ ಚಿಕ್ಕ ಪ್ರಶ್ನೆಯ ಮೇಲೆ ದಿನಗಟ್ಟಲೆ ತಲೆ ಕೆಡಿಸಿಕೊಂಡು, ದೊಡ್ಡ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ತೀರ್ಮಾನಿಸುವುದುಂಟು.

ಆ ದೊಡ್ಡ ಪ್ರಶ್ನೆ ಶಾಸನಬದ್ಧ ವಿಮೆಯೋ ಖಾಸಗಿ ವಿಮೆಯೋ ಎಂಬುದು. ಎಲ್ಲರಿಗೂ ಈ ಆಯ್ಕೆ ಇಲ್ಲ. ವರ್ಷಕ್ಕೆ 73,800 ಯೂರೋಗಳಿಗಿಂತ ಕಡಮೆ ಸಂಬಳದ ನೌಕರರು ಶಾಸನಬದ್ಧ ವಿಮೆಯಲ್ಲಿಯೇ ಇರಬೇಕು. ಆ ಎಲ್ಲೆಯನ್ನು ದಾಟಿದವರು, ಸ್ವತಂತ್ರ ವೃತ್ತಿಯವರು, ಸರ್ಕಾರದ ಖಾಯಂ ಅಧಿಕಾರಿಗಳು ಮಾತ್ರ ಹೊರಗೆ ಹೋಗಬಹುದು. ನಮ್ಮಲ್ಲಿ 1948ರ ಅಧಿನಿಯಮದಿಂದ ಹುಟ್ಟಿದ ನೌಕರರ ರಾಜ್ಯವಿಮೆಯೂ ಸಂಬಳಕ್ಕೆ ಅನುಸಾರವಾದ ವಂತಿಗೆಯ ಮೇಲೆಯೇ ನಿಂತದ್ದು. ಆದರೆ ಅದು ಒಂದು ಮಿತಿಗಿಂತ ಹೆಚ್ಚು ಸಂಬಳದವರನ್ನು ಒಳಕ್ಕೆ ಬಿಡುವುದಿಲ್ಲ. ಜರ್ಮನಿಯಲ್ಲಾದರೋ ಹೆಚ್ಚು ಸಂಬಳದವರಿಗೆ ಒಳಗೂ ಹೊರಗೂ ಬಾಗಿಲು ತೆರೆದಿದೆ. ಹೊರಗಿನ ಬಾಗಿಲು ಅಗಲವಾದುದು. ಒಳಗಿನದು ವರ್ಷ ಕಳೆದಂತೆ ಕಿರಿದಾಗತಕ್ಕದ್ದು.

ಖಾಸಗಿ ವಿಮೆಯ ತತ್ತ್ವ ಬೇರೆ. ಅಲ್ಲಿ ಸಂಬಳದ ಮಾತಿಲ್ಲ. ಪಾಲಿಸಿಯನ್ನು ಕೊಳ್ಳುವ ದಿನ ಆ ವ್ಯಕ್ತಿಯ ವಯಸ್ಸೆಷ್ಟು, ಆರೋಗ್ಯ ಹೇಗಿದೆ, ಯಾವ ಯಾವ ಸೌಲಭ್ಯಗಳನ್ನು ಬಯಸುತ್ತಾನೆ, ಇವುಗಳ ಮೇಲೆ ಕಂತನ್ನು ನಿರ್ಧರಿಸುತ್ತಾರೆ. ಇಪ್ಪತ್ತೆಂಟು ವರ್ಷದ, ಅವಿವಾಹಿತನಾದ, ರೋಗವಿಲ್ಲದ ಎಂಜಿನಿಯರನಿಗೆ ಈ ಲೆಕ್ಕ ಬಹಳ ಅನುಕೂಲವಾಗಿ ಬರುವುದು ಸಹಜ. ಸಂಬಳ 78,000 ಯೂರೋ ಎಂದಿಟ್ಟುಕೊಂಡರೆ ಶಾಸನಬದ್ಧ ವಿಮೆಗೆ ಅವನು ತಿಂಗಳಿಗೆ 471 ಯೂರೋ ಕೊಡಬೇಕು. ಖಾಸಗಿ ಸಂಸ್ಥೆ ಅದಕ್ಕಿಂತ ಎಷ್ಟೋ ಕಡಮೆ ಹಣಕ್ಕೆ ಬೇಗನೆ ತಜ್ಞವೈದ್ಯರ ಭೇಟಿಯನ್ನೂ ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆಯನ್ನೂ ಮುಂದೊಡ್ಡುತ್ತದೆ. ಮಾಲೀಕನೂ ಒಂದು ಮಿತಿಯೊಳಗೆ ಅರ್ಧ ಕಂತನ್ನು ಕೊಡುತ್ತಾನೆ. ಇಲ್ಲಿ ಯಾವ ಮೋಸವೂ ಇಲ್ಲ. ಎಳೆಯ ವಯಸ್ಸಿನವನ ವೈದ್ಯವೆಚ್ಚ ನಿಜವಾಗಿಯೂ ಕಡಮೆ, ಕಂತೂ ಕಡಮೆ.

ಆದರೆ ಆ ಎಂಜಿನಿಯರನು ಎಳೆಯವನಾಗಿಯೇ ಉಳಿಯುವುದಿಲ್ಲ. ಇದನ್ನು ಮನಗಂಡೇ ಜರ್ಮನಿಯ ಕಾನೂನು ಖಾಸಗಿ ಸಂಸ್ಥೆಗಳಿಗೆ ಒಂದು ಕಟ್ಟುಪಾಡನ್ನು ವಿಧಿಸಿದೆ. ಎಳವೆಯಲ್ಲಿ ತಗಲುವ ವೆಚ್ಚಕ್ಕಿಂತ ತುಸು ಹೆಚ್ಚನ್ನೇ ವಸೂಲುಮಾಡಿ, ಆ ಹೆಚ್ಚನ್ನು ಬಡ್ಡಿಗೆ ಹಾಕಿ, ಮುಪ್ಪಿನಲ್ಲಿ ಕಂತು ಏರದಂತೆ ತಡೆಯಲು ಬಳಸಬೇಕು. ಇದನ್ನು ವಾರ್ಧಕ್ಯಸಂಚಯ ಎಂದು ಕರೆಯಬಹುದು. 2000ದಿಂದ, ಇಪ್ಪತ್ತೊಂದರಿಂದ ಅರುವತ್ತರವರೆಗಿನ ವಯಸ್ಸಿನವರ ಕಂತಿಗೆ ನೂರಕ್ಕೆ ಹತ್ತರಷ್ಟನ್ನು ಇದಕ್ಕಾಗಿಯೇ ಕೂಡಿಸುತ್ತಾರೆ. ವ್ಯವಸ್ಥೆ ಬುದ್ಧಿವಂತಿಕೆಯದು. ಆದರೆ ಅದರಲ್ಲಿ ಪರದೇಶಿಯು ಗಮನಿಸಲೇಬೇಕಾದ ಎರಡು ತೊಡಕುಗಳಿವೆ. ಒಂದು: ವಯಸ್ಸಾಗುವುದರಿಂದ ಏರುವ ವೆಚ್ಚವನ್ನು ಈ ಸಂಚಯ ತಡೆದೀತೇ ಹೊರತು, ಔಷಧ ಮತ್ತು ಚಿಕಿತ್ಸೆಗಳೇ ದುಬಾರಿಯಾಗುವುದನ್ನು ಪೂರ್ತಿಯಾಗಿ ತಡೆಯಲಾರದು, ಆದುದರಿಂದ ಕಂತುಗಳು ಕಾಲಕಾಲಕ್ಕೆ ಏರುತ್ತಲೇ ಇರುತ್ತವೆ. ನಿವೃತ್ತನಾದವನ ವರಮಾನ ಇಳಿಯುತ್ತದೆ. ಸಂಬಳಕ್ಕೆ ಸಂಬಂಧವಿಲ್ಲದ ಕಂತು ಇಳಿಯುವುದಿಲ್ಲ. ಇನ್ನೊಂದು: ಹದಿನೈದು ವರ್ಷ ಕಂತು ಕಟ್ಟಿ ಊರಿಗೆ ಹಿಂದಿರುಗುವವನು ಈ ಸಂಚಯವನ್ನು ಕೈಗೆ ಪಡೆದು ಬರಲಾರನು. ಪಾಲಿಸಿಯನ್ನು ಮುಗಿಸಿದೊಡನೆ ಅದು ಸಾಮಾನ್ಯವಾಗಿ ಉಳಿದ ಪಾಲಿಸಿದಾರರ ಪಾಲಾಗುತ್ತದೆ. ಹಿಂದಿರುಗುವ ಸಂಕಲ್ಪವುಳ್ಳ ಭಾರತೀಯನು ಹೀಗೆ ತನ್ನದಲ್ಲದ ಮುಪ್ಪಿಗೆ ಹಣವಿಡುತ್ತಾನೆ.

ಖಾಸಗಿ ವಿಮೆಯ ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ. ಇದರ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಸಕ್ಕರೆ, ರಕ್ತದೊತ್ತಡ, ಮನೋರೋಗ ಇವನ್ನು ಮುಚ್ಚಿಡುವುದು ಒಂದು ಅಭ್ಯಾಸವಾಗಿದೆ. ಹೆಣ್ಣು ಕೇಳುವಾಗ ಮುಚ್ಚಿಟ್ಟದ್ದನ್ನು ವಿಮೆಯ ಅರ್ಜಿಯಲ್ಲಿಯೂ ಮುಚ್ಚಿಡುತ್ತಾರೆ. ಜರ್ಮನಿಯ ವಿಮಾಕರಾರಿನ ಕಾನೂನಿನಂತೆ, ಕೇಳಿದ್ದನ್ನು ಮರೆಮಾಚಿದವನ ಕರಾರಿನಿಂದ ಸಂಸ್ಥೆ ಹಿಂತೆಗೆಯಬಹುದು. ಹಿಂತೆಗೆಯುವ ಪ್ರಸಂಗ ಬರುವುದು ದೊಡ್ಡ ಬಿಲ್ಲು ಬಂದಾಗಲೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶಾಸನಬದ್ಧ ನಿಧಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಆದುದರಿಂದ ಮೊದಲೇ ಒಂದು ದೀರ್ಘರೋಗವಿದ್ದವನು, ಸಂಬಳ ಎಷ್ಟೇ ಇರಲಿ, ಶಾಸನಬದ್ಧ ನಿಧಿಯ ಕಡೆಗೆ ನಡೆಯುವುದೇ ವಿಹಿತ.

ಇವೆರಡೂ ಅಲ್ಲದ ಮೂರನೆಯದೊಂದುಂಟು. ನಮ್ಮ ವಿದ್ಯಾರ್ಥಿಗಳು ತಿಳಿಯದೆ ಸಿಕ್ಕಿಬೀಳುವುದು ಅದರಲ್ಲಿಯೇ. ಹೊರದೇಶದಿಂದ ಬರುವವರಿಗಾಗಿ ಮಾರುವ, ಅವಧಿ ಕಟ್ಟಿದ ಅಗ್ಗದ ಪಾಲಿಸಿ ಅದು. ವೀಸಾಕ್ಕೆ ಬೇಕಾದ ಕಾಗದವನ್ನು ಮನೆಯಲ್ಲಿ ಕುಳಿತೇ ಪಡೆಯಬಹುದು, ಕಂತು ಹಗುರ. ಹೆಸರಿನಲ್ಲಿ ಅದೂ ಆರೋಗ್ಯವಿಮೆಯೇ. ಆದರೆ ಮೊದಲೇ ಇದ್ದ ರೋಗಗಳನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಹೆರಿಗೆಗೂ ಹಲ್ಲಿನ ಚಿಕಿತ್ಸೆಗೂ ಕಾಯುವ ಅವಧಿಯನ್ನೋ ಮಿತಿಯನ್ನೋ ಹಾಕುತ್ತವೆ. ವಾರ್ಧಕ್ಯಸಂಚಯ ಇದರಲ್ಲಿಲ್ಲ. ಕಾನೂನಿನಂತೆ ಐದು ವರ್ಷಗಳಿಗಿಂತ ಹೆಚ್ಚಿನ ಅವಧಿಗೆ ಇದನ್ನು ಕೊಡುವಂತೆಯೂ ಇಲ್ಲ. ಪದವಿಗೆ ಮೊದಲು ಭಾಷಾಶಿಕ್ಷಣಕ್ಕೆ ಹೋದವರಿಗೆ ಕೆಲವು ತಿಂಗಳ ಮಟ್ಟಿಗೆ ಇದೇ ಗತಿ, ಅವರಿಗೆ ಬೇರೆ ದಾರಿಯಿಲ್ಲ. ಇದನ್ನೇ ನೆಚ್ಚಿಕೊಂಡು ವರ್ಷಗಳನ್ನು ಕಳೆಯುವುದು ಮಾತ್ರ ಅಪಾಯಕರ. ನಾಲ್ಕನೆಯ ವರ್ಷದಲ್ಲಿ ಒಂದು ದೀರ್ಘರೋಗ ಕಾಣಿಸಿಕೊಂಡಿತೆಂದು ಊಹಿಸೋಣ. ಐದನೆಯ ವರ್ಷದ ಕೊನೆಗೆ ಈ ಪಾಲಿಸಿ ಮುಗಿಯುತ್ತದೆ. ಪೂರ್ಣ ಖಾಸಗಿ ವಿಮೆ ಆ ರೋಗವನ್ನು ಕೇಳಿ ಹಿಂಜರಿಯುತ್ತದೆ. ಶಾಸನಬದ್ಧ ನಿಧಿಗೆ ಸೇರಲು ನಿಯಮದಂತೆ ಅರ್ಹತೆಯಿಲ್ಲ. ತಕ್ಕ ವಿಮೆಯಿಲ್ಲದವನಿಗೆ ವಾಸದ ಪರವಾನಗಿಯ ನವೀಕರಣವೂ ತೊಡಕಾಗುತ್ತದೆ. ಕಾಯಿಲೆಯವನು ಚಿಕಿತ್ಸೆಯನ್ನೂ ನೆಲೆಯನ್ನೂ ಒಂದೇ ಕಾಲಕ್ಕೆ ಕಳೆದುಕೊಳ್ಳುವ ಸ್ಥಿತಿ ಇದು.

ಹಾಗಾದರೆ ಶಾಸನಬದ್ಧ ವಿಮೆಯ ಬಾಗಿಲು ಯಾವಾಗ ಯಾವಾಗ ತೆರೆಯುತ್ತದೆ? ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯಕ. ಏಕೆಂದರೆ ಆಯ್ಕೆ ಎಂಬುದು ಈ ಕ್ಷಣಗಳಲ್ಲಿ ಮಾತ್ರ ನಡೆಯತಕ್ಕದ್ದು.

ಮೊದಲನೆಯದು ವಿದ್ಯಾರ್ಥಿಯಾಗಿ ಪ್ರವೇಶ ಪಡೆದಾಗ. ಮೂವತ್ತು ವರ್ಷ ತುಂಬದ ವಿದ್ಯಾರ್ಥಿಗೆ ಶಾಸನಬದ್ಧ ವಿಮೆ ಕಡ್ಡಾಯ, ವಂತಿಗೆ ರಿಯಾಯಿತಿಯದು. 2025ರ ದರಗಳಂತೆ ಶುಶ್ರೂಷಾವಿಮೆಯೂ ಸೇರಿ ತಿಂಗಳಿಗೆ ಸುಮಾರು 140ರಿಂದ 145 ಯೂರೋ. ಮೂರು ತಿಂಗಳೊಳಗೆ ಅರ್ಜಿ ಹಾಕಿ ಇದರಿಂದ ವಿನಾಯಿತಿ ಪಡೆದು ಅಗ್ಗದ ಖಾಸಗಿ ಪಾಲಿಸಿಗೆ ಹೋಗಲು ಅವಕಾಶವುಂಟು. ಆದರೆ ವಿನಾಯಿತಿಯನ್ನು ಆ ವ್ಯಾಸಂಗ ಮುಗಿಯುವವರೆಗೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ತಿಂಗಳಿಗೆ ಕೆಲವು ಹತ್ತು ಯೂರೋಗಳ ಉಳಿತಾಯಕ್ಕಾಗಿ ಈ ಅರ್ಜಿಗೆ ರುಜು ಹಾಕಿದವರು ಒಬ್ಬಿಬ್ಬರಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಒಳ್ಳೆಯ ವ್ಯಾಪಾರವಲ್ಲ.

ಮೂವತ್ತು ದಾಟಿ ಹೋಗುವವರ ಸ್ಥಿತಿ ಬೇರೆ. ನಮ್ಮ ಕಾಲೇಜುಗಳ ಕಿರಿಯ ಅಧ್ಯಾಪಕರಿಗೆ ಇದು ವಿಶೇಷವಾಗಿ ಸಂಬಂಧಿಸಿದ್ದು. ಮೂವತ್ತೊಂದು ವರ್ಷದ ಒಬ್ಬಾಕೆ ಡಾಕ್ಟರೇಟ್ ಸಂಶೋಧನೆಗಾಗಿ ನೇರವಾಗಿ ಇಲ್ಲಿಂದ ಹೋದಳೆಂದು ಊಹಿಸೋಣ. ವಿಶ್ವವಿದ್ಯಾನಿಲಯವು ಆಕೆಯನ್ನು ಸಂಬಳದ ಕರಾರಿನ ಮೇಲೆ ತೆಗೆದುಕೊಂಡಿದ್ದರೆ ಆಕೆ ನೌಕರಳು; ಶಾಸನಬದ್ಧ ವಿಮೆ ತಾನಾಗಿಯೇ ಬರುತ್ತದೆ, ಅರ್ಧ ವಂತಿಗೆಯನ್ನು ವಿಶ್ವವಿದ್ಯಾನಿಲಯವೇ ಕೊಡುತ್ತದೆ. ಅದೇ ಆಕೆಗೆ ದೊರೆತದ್ದು ಶಿಷ್ಯವೇತನ ಮಾತ್ರವಾಗಿದ್ದರೆ ಆಕೆ ನೌಕರಳೂ ಅಲ್ಲ. ಅಲ್ಲಿನ ಸಾಮಾಜಿಕ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿದ ನಿಲುವಿನಂತೆ ವಿಮೆಯ ಮಟ್ಟಿಗೆ ವಿದ್ಯಾರ್ಥಿನಿಯೂ ಅಲ್ಲ. ಸ್ವಇಚ್ಛೆಯಿಂದ ಸದಸ್ಯಳಾಗಬೇಕಾದರೆ ಅದಕ್ಕೆ ಮುಂಚೆ ಎಡೆಬಿಡದೆ ಹನ್ನೆರಡು ತಿಂಗಳೋ, ಹಿಂದಿನ ಐದು ವರ್ಷಗಳಲ್ಲಿ ಇಪ್ಪತ್ತನಾಲ್ಕು ತಿಂಗಳೋ ಶಾಸನಬದ್ಧ ವಿಮೆಯಲ್ಲಿ ಇದ್ದಿರಬೇಕು. ಭಾರತದಿಂದ ಹೊಸದಾಗಿ ಹೋದವರಿಗೆ ಇದು ಎಲ್ಲಿಂದ ಬರಬೇಕು? ಹೀಗೆ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಪ್ರೊಫೆಸರರ ಕೈಕೆಳಗೆ, ಒಂದೇ ಕೆಲಸವನ್ನು ಮಾಡುವ ಇಬ್ಬರಲ್ಲಿ ಒಬ್ಬರು ಭದ್ರವಾದ ಸೂರಿನ ಕೆಳಗೂ ಇನ್ನೊಬ್ಬರು ಅವಧಿ ಕಟ್ಟಿದ ಪಾಲಿಸಿಯ ಕೆಳಗೂ ಇರುತ್ತಾರೆ. ಶಿಷ್ಯವೇತನದ ಮೊತ್ತ ಸಂಬಳಕ್ಕೆ ಸಮನಾಗಿ ಕಂಡರೂ ಸಮನಲ್ಲ. ಸಂಶೋಧನೆಗೆ ಕರೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಹಣ ಎಷ್ಟು ಎಂಬುದಲ್ಲ, ಅದು ಕರಾರಿನ ಸಂಬಳವೋ ಶಿಷ್ಯವೇತನವೋ ಎಂಬುದು.

ಮೂರನೆಯ ಬಾಗಿಲು ಹೆಚ್ಚು ಸಂಬಳದ ಉದ್ಯೋಗಕ್ಕೆ ನೇರವಾಗಿ ಹೋದವರದು. ಜರ್ಮನಿಯಲ್ಲಿ ಮೊಟ್ಟಮೊದಲ ಬಾರಿಗೆ ನೌಕರಿಗೆ ಸೇರಿ, ಸಂಬಳ ಎಲ್ಲೆಯನ್ನು ದಾಟಿರುವ ಕಾರಣ ಕಡ್ಡಾಯದಿಂದ ಹೊರಗುಳಿದವನು, ಹಿಂದಿನ ವಿಮೆಯ ಅವಧಿ ಇಲ್ಲದಿದ್ದರೂ ಮೂರು ತಿಂಗಳೊಳಗೆ ಕೇಳಿಕೊಂಡರೆ ಶಾಸನಬದ್ಧ ನಿಧಿಗೆ ಸ್ವಇಚ್ಛಾ ಸದಸ್ಯನಾಗಿ ಸೇರಬಹುದು. ಬೆಂಗಳೂರಿನಿಂದ ಮ್ಯೂನಿಕ್ಕಿಗೋ ಸ್ಟುಟ್‌ಗಾರ್ಟಿಗೋ ಹೋಗುವ ಎಂಜಿನಿಯರುಗಳು ಈ ಅವಕಾಶವನ್ನು ತಿಳಿಯದೆ ಕಳೆದುಕೊಂಡರೆ, ಮುಂದೆ ಸಂಬಳ ಎಲ್ಲೆಗಿಂತ ಕೆಳಕ್ಕೆ ಬಂದು ಕಡ್ಡಾಯದ ಒಳಗೆ ಬೀಳುವವರೆಗೂ ಸಾಮಾನ್ಯವಾಗಿ ಕಾಯಬೇಕು. ಐವತ್ತೈದು ತುಂಬಿದ ಮೇಲೆ, ಹಿಂದಿನ ಐದು ವರ್ಷಗಳಲ್ಲಿ ಶಾಸನಬದ್ಧ ವಿಮೆಯಲ್ಲಿ ಇಲ್ಲದಿದ್ದವನಿಗೆ ಸಂಬಳ ಇಳಿದರೂ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಆರೋಗ್ಯವಂತರಾಗಿದ್ದಷ್ಟು ಕಾಲ ಹೊರಗಿದ್ದು, ರೋಗ ಬರುವ ವಯಸ್ಸಿಗೆ ಒಳಗೆ ನುಗ್ಗುವುದನ್ನು ತಡೆಯಲು ಮಾಡಿದ ನಿಯಮ ಇದು. ಒಳಗಿರುವವರ ದೃಷ್ಟಿಯಿಂದ ನ್ಯಾಯವಾದುದೇ. ನಿವೃತ್ತರಿಗೆ ಇನ್ನೂ ಒಂದು ಲೆಕ್ಕವಿದೆ: ದುಡಿಮೆಯ ಬಾಳಿನ ಉತ್ತರಾರ್ಧದ ಹತ್ತರಲ್ಲಿ ಒಂಬತ್ತು ಪಾಲು ಶಾಸನಬದ್ಧ ವಿಮೆಯಲ್ಲಿ ಕಳೆದವರಿಗೆ ಮಾತ್ರ ನಿವೃತ್ತರ ಸುಲಭದರದ ವಿಮೆ ದೊರೆಯುತ್ತದೆ. ಮಗುವೊಂದಕ್ಕೆ ಮೂರು ವರ್ಷಗಳಂತೆ ಇದರಲ್ಲಿ ಜಮೆ ಮಾಡಿಕೊಳ್ಳುವ ವ್ಯವಸ್ಥೆ 2017ರಿಂದ ಬಂದಿದೆ.

ಮಕ್ಕಳ ಮಾತು ಬಂದುದರಿಂದ ಸಂಸಾರದ ವಿಷಯವನ್ನು ಹೇಳಬೇಕು. ಶಾಸನಬದ್ಧ ವಿಮೆಯಲ್ಲಿ ಸಂಪಾದನೆಯಿಲ್ಲದ ಪತ್ನಿ ಅಥವಾ ಪತಿ ಮತ್ತು ಮಕ್ಕಳು ಬೇರೆ ವಂತಿಗೆಯಿಲ್ಲದೆ ಸೇರುತ್ತಾರೆ. 2025ರ ನಿಯಮದಂತೆ ಅವರ ವರಮಾನ ಸಾಮಾನ್ಯವಾಗಿ ತಿಂಗಳಿಗೆ 535 ಯೂರೋ ಮೀರಬಾರದು. ಮಕ್ಕಳಿಗೆ ಹದಿನೆಂಟರವರೆಗೆ, ಓದುತ್ತಿದ್ದರೆ ಇಪ್ಪತ್ತೈದರವರೆಗೆ ಈ ರಕ್ಷಣೆ ಉಂಟು. ಖಾಸಗಿ ವಿಮೆಯಲ್ಲಿ ತಲೆಗೊಂದು ಪಾಲಿಸಿ, ತಲೆಗೊಂದು ಕಂತು. ಮೇಲೆ ಹೇಳಿದ ಎಂಜಿನಿಯರನೇ ಮೂವತ್ತಮೂರನೆಯ ವಯಸ್ಸಿಗೆ ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾದನೆನ್ನಿ. ಹೆಂಡತಿಯ ಎಂ.ಎಸ್‌ಸಿ. ಪದವಿಗೆ ತಕ್ಕ ಕೆಲಸ ದೊರೆಯಲು ಮೊದಲು ಭಾಷೆ ಬರಬೇಕು. ಅದಕ್ಕೆ ಎರಡು ವರ್ಷವಾದರೂ ಬೇಕು. ಶಾಸನಬದ್ಧ ನಿಧಿಯಲ್ಲಿದ್ದಿದ್ದರೆ ನಾಲ್ವರಿಗೂ ಅದೇ 471 ಯೂರೋ ಸಾಕಾಗುತ್ತಿತ್ತು. ಖಾಸಗಿಯಲ್ಲಿ ನಾಲ್ಕು ಕಂತುಗಳು. ಒಂಟಿಯಾಗಿದ್ದಾಗ ಲಾಭವಾಗಿದ್ದದ್ದು ಈಗ ಹೊರೆಯಾಗುತ್ತದೆ. ಲೆಕ್ಕವನ್ನು ಅವನು ತಪ್ಪಾಗಿ ಮಾಡಲಿಲ್ಲ. ಒಂದು ವರ್ಷದ ಲೆಕ್ಕವನ್ನು ಮಾಡಿದನು, ಅಷ್ಟೆ.

ತಂದೆತಾಯಿಗಳು ಮಾತ್ರ ಈ ‘ಕುಟುಂಬ’ದೊಳಗೆ ಸೇರುವುದಿಲ್ಲ. ನಮ್ಮ ನೌಕರರ ರಾಜ್ಯವಿಮೆಯು ಆಶ್ರಿತರಾದ ತಂದೆತಾಯಿಗಳನ್ನು ಕುಟುಂಬವೆಂದು ಎಣಿಸಿದೆ. ಜರ್ಮನಿಯ ವಿಮೆ ಎಣಿಸುವುದಿಲ್ಲ. ಕಾನೂನಿನ ವ್ಯಾಖ್ಯೆಯೊಂದರಲ್ಲಿ ಎರಡು ಸಮಾಜಗಳ ಮನೆಗಳೇ ಎದ್ದು ಕಾಣುತ್ತವೆ. 2024ರ ಮಾರ್ಚ್ 1ರಂದೋ ಅದರ ಅನಂತರವೋ ಮೊದಲ ಬಾರಿಗೆ ವಾಸದ ಪರವಾನಗಿಯನ್ನು ಪಡೆದ ಕೆಲವು ವರ್ಗದ ತಜ್ಞ ನೌಕರರು ತಂದೆತಾಯಿಗಳನ್ನು ಕರೆಸಿಕೊಂಡು ಇರಿಸಿಕೊಳ್ಳಬಹುದೆಂದು ಕಾನೂನು ಸಡಿಲವಾಯಿತು. ಒಬ್ಬನೇ ಮಗನೋ ಮಗಳೋ ಅಲ್ಲಿರುವ ಅನೇಕ ಮನೆಗಳಲ್ಲಿ ಇದರಿಂದ ಆಸೆ ಹುಟ್ಟಿತು. ಆದರೆ ಅವರಿಗೆ ತಕ್ಕ ಆರೋಗ್ಯವಿಮೆ ಇರಬೇಕೆಂಬ ಷರತ್ತು ಸಡಿಲವಾಗಲಿಲ್ಲ. ಎಪ್ಪತ್ತರ ಹತ್ತಿರದ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ತಾಯಿಗೆ ಪೂರ್ಣ ವಿಮೆಯನ್ನು ಕೊಡುವ ಖಾಸಗಿ ಸಂಸ್ಥೆಯನ್ನು ಹುಡುಕುವುದು ಸುಲಭವಲ್ಲ. ಸಿಕ್ಕರೂ ಕಂತು ಭಾರಿಯದು. ಮೂರು ತಿಂಗಳ ಭೇಟಿಗೆ ಬರುವವರಿಗೆ ಕನಿಷ್ಠ 30,000 ಯೂರೋಗಳ ಪ್ರವಾಸವಿಮೆ ಸಾಕು. ಅದರಲ್ಲಿಯೂ ಮೊದಲೇ ಇದ್ದ ರೋಗದ ಷರತ್ತನ್ನು ಓದದೆ ಕರೆಸಿಕೊಳ್ಳಬಾರದು.

ಇನ್ನು ಊರಿಗೆ ಬಂದುಹೋಗುವ ವಿಷಯ. ಶಾಸನಬದ್ಧ ವಿಮೆ ಯೂರೋಪಿನ ಆಚೆ, ಒಪ್ಪಂದವುಳ್ಳ ಕೆಲವು ದೇಶಗಳನ್ನು ಬಿಟ್ಟರೆ, ಕೆಲಸಕ್ಕೆ ಬಾರದು. ಭಾರತಕ್ಕೂ ಜರ್ಮನಿಗೂ ನಡುವೆ 2017ರ ಮೇ ತಿಂಗಳಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತೆಯ ಒಪ್ಪಂದ ಮುಖ್ಯವಾಗಿ ನಿವೃತ್ತಿವೇತನಕ್ಕೆ ಸಂಬಂಧಿಸಿದ್ದು. ರೋಗವಿಮೆ ಅದರಲ್ಲಿ ಸೇರಿಲ್ಲ. ಆದುದರಿಂದ ರಜೆಗೆ ಊರಿಗೆ ಬಂದಾಗ ಹಾಸನದಲ್ಲಿ ಕಾಲು ಮುರಿದರೆ ಜರ್ಮನಿಯ ನಿಧಿ ಬಿಲ್ಲನ್ನು ಕೊಡುವುದಿಲ್ಲ. ಇದಕ್ಕೆಂದು ವರ್ಷವೊಂದಕ್ಕೆ ಅಲ್ಪ ಹಣದ ಪ್ರತ್ಯೇಕ ಪ್ರವಾಸವಿಮೆ ಅಲ್ಲಿ ದೊರೆಯುತ್ತದೆ. ಒಂದೊಂದು ಪ್ರಯಾಣಕ್ಕೆ ಸಾಮಾನ್ಯವಾಗಿ ಆರೋ ಎಂಟೋ ವಾರಗಳ ಮಿತಿ. ಖಾಸಗಿ ವಿಮೆಯ ಸಾಮಾನ್ಯ ಷರತ್ತುಗಳಲ್ಲಿ ಯೂರೋಪಿನ ಹೊರಗಿನ ತಾತ್ಕಾಲಿಕ ವಾಸದ ಮೊದಲ ಒಂದು ತಿಂಗಳಿಗೆ ರಕ್ಷಣೆ ಇರುತ್ತದೆ.

ಪೂರ್ತಿಯಾಗಿ ಹಿಂದಿರುಗುವವರ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಐವತ್ತರ ಸುಮಾರಿಗೆ ಹಿಂದಿರುಗಿದವನು ಜರ್ಮನಿಯಲ್ಲಿ ಇಪ್ಪತ್ತು ವರ್ಷ ವಂತಿಗೆ ಕಟ್ಟಿದ್ದರೂ ಇಲ್ಲಿನ ವಿಮಾಸಂಸ್ಥೆಗೆ ಹೊಸಬನೇ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಮಾಡಿದ ತಿದ್ದುಪಾಟಿನಂತೆ, ಮೊದಲೇ ಇದ್ದ ರೋಗಗಳಿಗೆ ಸಂಸ್ಥೆಗಳು ಹಾಕಬಹುದಾದ ಕಾಯುವ ಅವಧಿ ಹೆಚ್ಚೆಂದರೆ ಮೂವತ್ತಾರು ತಿಂಗಳು. ಅದಕ್ಕೆ ಹಿಂದೆ ನಲವತ್ತೆಂಟಿತ್ತು. ಅರುವತ್ತು ತಿಂಗಳು ಎಡೆಬಿಡದೆ ಪಾಲಿಸಿ ನಡೆದ ಮೇಲೆ, ವಂಚನೆಯ ಸಂದರ್ಭವನ್ನು ಬಿಟ್ಟು, ಹಿಂದೆ ಏನನ್ನೋ ಹೇಳಲಿಲ್ಲವೆಂಬ ನೆಪದಿಂದ ಪರಿಹಾರವನ್ನು ನಿರಾಕರಿಸುವಂತಿಲ್ಲ. ಇದರಿಂದ ಹೊರಡುವ ಉಪಾಯ ಸರಳ: ಹಿಂದಿರುಗುವ ಆಲೋಚನೆ ಇರುವವನು ಮೂರುನಾಲ್ಕು ವರ್ಷ ಮೊದಲೇ, ಇನ್ನೂ ಜರ್ಮನಿಯಲ್ಲಿರುವಾಗಲೇ, ಇಲ್ಲಿ ಒಂದು ಪಾಲಿಸಿಯನ್ನು ತೆಗೆದು ನಡೆಸಿಕೊಂಡು ಬರುವುದು. ಅನಿವಾಸಿ ಭಾರತೀಯರು ಇದನ್ನು ಕೊಳ್ಳಬಹುದು. ಕೆಲವು ವರ್ಷ ಎರಡು ಕಡೆ ಕಂತು ಕಟ್ಟಬೇಕಾಗುತ್ತದೆ, ನಿಜ; ಕಾಯುವ ಅವಧಿ ಕಳೆಯುವುದು ಆರೋಗ್ಯದ ದಿನಗಳಲ್ಲಿ, ರೋಗದ ದಿನಗಳಲ್ಲಿ ಅಲ್ಲ.

ಜರ್ಮನಿಯನ್ನು ಬಿಡುವ ಮುನ್ನ ಎರಡು ಕಾಗದಗಳನ್ನು ಕೇಳಿ ಪಡೆಯಬೇಕು. ಒಂದು, ಯಾವ ದಿನದಿಂದ ಯಾವ ದಿನದವರೆಗೆ ಯಾವ ವಿಮೆಯಲ್ಲಿ ಇದ್ದೆವೆಂಬ ಪ್ರಮಾಣಪತ್ರ. ಐದು ವರ್ಷಗಳೊಳಗೆ ಮತ್ತೆ ಅಲ್ಲಿಗೆ ಹೋಗುವ ಪ್ರಸಂಗ ಬಂದರೆ, ಮೇಲೆ ಹೇಳಿದ ಇಪ್ಪತ್ತನಾಲ್ಕು ತಿಂಗಳ ಲೆಕ್ಕಕ್ಕೆ ಅದು ಆಧಾರವಾಗಬಹುದು. ಇನ್ನೊಂದು, ಚಿಕಿತ್ಸೆಯ ಪೂರ್ಣ ದಾಖಲೆ, ಸಾಧ್ಯವಾದರೆ ಇಂಗ್ಲಿಷಿನಲ್ಲಿ. ಖಾಸಗಿ ಪಾಲಿಸಿಯುಳ್ಳವರು ಮತ್ತೆ ಹೋಗುವ ಸಂಭವವಿದ್ದಲ್ಲಿ ಪಾಲಿಸಿಯನ್ನು ರದ್ದು ಮಾಡುವ ಬದಲು ಸಣ್ಣ ಶುಲ್ಕ ಕಟ್ಟಿ ಅದನ್ನು ತಡೆಹಿಡಿದಿಡಲು ಕೇಳಿಕೊಳ್ಳಬಹುದು. ಹಾಗೆ ಮಾಡಿದವರು ಹಿಂದಿರುಗಿದಾಗ ಆರೋಗ್ಯದ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಡಬೇಕಾಗುವುದಿಲ್ಲ. ಈ ಅರ್ಜಿಯನ್ನು ವಿಮಾನ ಹತ್ತುವ ಮೊದಲೇ ಹಾಕಿ, ಒಪ್ಪಿಗೆಯ ಪತ್ರವನ್ನು ಕೈಯಲ್ಲಿ ಹಿಡಿದು ಬರುವುದು ಒಳಿತು.